ತಗಡಿನ ಶೆಡ್ಡಿನ ಮ್ಯಾಕ್‌ಬೆತ್: ಇಯಾನ್ ಮೆಕೆಲೆನ್ ಮತ್ತು ನಟನ ಅಂತರದ ಲೆಕ್ಕ

ಕೊಡಗಿನ ಹವ್ಯಾಸಿ ನಾಟಕ ತಂಡಗಳು ಬ್ರಿಟಿಷ್ ರಂಗಭೂಮಿಯಿಂದ ಏನಾದರೂ ಪಡೆಯಬೇಕೆಂದರೆ ಲಂಡನ್ನಿನ ದೊಡ್ಡ ಥಿಯೇಟರುಗಳನ್ನು ಬದಿಗಿಟ್ಟು ಮೊದಲು ಒಂದು ತಗಡಿನ ಶೆಡ್ಡನ್ನು ನೋಡಬೇಕು. ಅದು ಇದ್ದದ್ದು ಶೇಕ್ಸ್‌ಪಿಯರನ ಊರಾದ ಸ್ಟ್ರಾಟ್‌ಫರ್ಡ್‌ನಲ್ಲಿ. ರಾಯಲ್ ಶೇಕ್ಸ್‌ಪಿಯರ್ ಕಂಪನಿಗೆ ಅಲ್ಲಿ ಸಾವಿರಕ್ಕೂ ಹೆಚ್ಚು ಸೀಟುಗಳ ರಂಗಮಂದಿರವಿತ್ತು. ಅಲ್ಲಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ ಈ ಸುಕ್ಕುತಗಡಿನ ಕಟ್ಟಡ. ಬಝ್ ಗುಡ್‌ಬಾಡಿ ಎಂಬ ಯುವ ನಿರ್ದೇಶಕಿ 1974ರಲ್ಲಿ ಅದನ್ನು ‘ದಿ ಅದರ್ ಪ್ಲೇಸ್’ ಎಂಬ ಹೆಸರಿನಲ್ಲಿ ಪ್ರೇಕ್ಷಕರಿಗೆ ತೆರೆದರು. 1976ರಲ್ಲಿ ಅಲ್ಲೇ ಟ್ರೆವರ್ ನನ್ ನಿರ್ದೇಶನದ ‘ಮ್ಯಾಕ್‌ಬೆತ್’ ಪ್ರದರ್ಶನವಾಯಿತು. ಮ್ಯಾಕ್‌ಬೆತ್ ಪಾತ್ರ ಇಯಾನ್ ಮೆಕೆಲೆನ್ ಅವರದು, ಲೇಡಿ ಮ್ಯಾಕ್‌ಬೆತ್ ಜೂಡಿ ಡೆಂಚ್ ಅವರದು.

ಮೆಕೆಲೆನ್ ಎಂದರೆ ಇಂದು ಹೆಚ್ಚಿನವರ ಕಣ್ಣಿಗೆ ಬರುವುದು ‘ಲಾರ್ಡ್ ಆಫ್ ದಿ ರಿಂಗ್ಸ್’ ಸಿನಿಮಾಗಳ ಬಿಳಿಗಡ್ಡದ ಗ್ಯಾಂಡಾಲ್ಫ್, ಇಲ್ಲವೇ ‘ಎಕ್ಸ್-ಮೆನ್’ ಸಿನಿಮಾಗಳಲ್ಲಿ ಕಬ್ಬಿಣವನ್ನು ಬೆರಳಲ್ಲಿ ಆಡಿಸುವ ಮ್ಯಾಗ್ನೆಟೊ. ಆ ಎರಡು ಪಾತ್ರಗಳಿಗೂ ಬೇರು ಈ ಶೆಡ್ಡಿನಲ್ಲಿದೆ. ನೋಡುವವನ ಕಣ್ಣು ಎಷ್ಟು ಅಡಿ ದೂರದಲ್ಲಿದೆ ಎಂಬುದನ್ನು ಮೊದಲು ಅಳೆದು, ಆಮೇಲೆ ದನಿ, ಕೈ, ಕಣ್ಣು ಇವುಗಳ ಪ್ರಮಾಣ ನಿರ್ಧರಿಸುವುದು ಅವರ ಅರವತ್ತು ವರ್ಷಗಳ ಕೆಲಸದುದ್ದಕ್ಕೂ ಕಾಣುವ ಶಿಸ್ತು. ‘ರಂಗದ ಮೇಲೆ ದೊಡ್ಡದಾಗಿ ಆಡು, ಕ್ಯಾಮೆರಾ ಮುಂದೆ ಸಣ್ಣದಾಗಿ ಆಡು’ ಎಂದು ನಮ್ಮಲ್ಲಿ ಹೇಳಿಕೊಡುವುದಿದೆಯಲ್ಲ, ಅದು ಅರ್ಧ ಸತ್ಯ. ಪಾತ್ರದ ಒಳಗಿನ ಒತ್ತಡ ಎರಡೂ ಕಡೆ ಒಂದೇ ಇರಬೇಕು. ಬದಲಾಗಬೇಕಾದ್ದು ಆ ಒತ್ತಡ ಹೊರಗೆ ಬರುವ ದಾರಿ.

ಆ ಮ್ಯಾಕ್‌ಬೆತ್ ಕಟ್ಟಿದ ಬಗೆ ಸರಳ. ನೆಲದ ಮೇಲೆ ಒಂದು ವೃತ್ತ. ವೃತ್ತದ ಅಂಚಿನಲ್ಲಿ ಪೆಟ್ಟಿಗೆಗಳು. ತಮ್ಮ ದೃಶ್ಯ ಇಲ್ಲದ ನಟರು ಅದರ ಮೇಲೆ ಕೂತು ಒಳಗಿನ ಆಟ ನೋಡುತ್ತಾರೆ. ಅವರ ಬೆನ್ನಿಗೇ ಪ್ರೇಕ್ಷಕರು. ಪರದೆ ಇಲ್ಲ, ಮಧ್ಯಂತರವಿಲ್ಲ, ಎರಡು ಗಂಟೆಗೂ ಮಿಕ್ಕಿ ಒಂದೇ ಓಟ. ಖರ್ಚು ಬಹಳ ಕಡಿಮೆ. ಹೀಗೆ ಮಾಡಿದಾಗ ಏನಾಗುತ್ತದೆ? ಮೊದಲ ಸಾಲಿನವನಿಗೆ ಮ್ಯಾಕ್‌ಬೆತ್ ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅಲ್ಲಿ ಹುಬ್ಬು ಕುಣಿಸುವ ಹಾಗಿಲ್ಲ, ಕೈ ಬೀಸುವ ಹಾಗಿಲ್ಲ. ಸುಳ್ಳು ಕಣ್ಣೀರು ಎರಡು ಕ್ಷಣದಲ್ಲಿ ಬಯಲಾಗುತ್ತದೆ. ದೊರೆಯನ್ನು ಕೊಂದು ಬಂದ ಮ್ಯಾಕ್‌ಬೆತ್ ತನ್ನ ಹೆಂಡತಿಯೊಡನೆ ಪಿಸುಮಾತಿನಲ್ಲೇ ಮಾತಾಡಬಹುದು, ಮನೆಯೊಳಗೆ ಮಲಗಿರುವವರು ಎಚ್ಚರಾಗದ ಹಾಗೆ. ದೊಡ್ಡ ರಂಗಮಂದಿರದಲ್ಲಿ ಇದೇ ದೃಶ್ಯವನ್ನು ‘ಕೂಗುವ ಪಿಸುಮಾತಿನಲ್ಲಿ’ ಆಡಬೇಕಾಗುತ್ತದೆ, ಅದರಲ್ಲಿ ಅರ್ಧ ಭಯ ಸೋರಿಹೋಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಇಂಥ ಜಾಗಕ್ಕೇನೂ ಬರವಿಲ್ಲ. ಶಾಲೆಯ ಹಾಲ್, ಸಮುದಾಯ ಭವನ, ಕೊಯ್ಲು ಮುಗಿದು ಖಾಲಿಯಾದ ಕಾಫಿ ಗೋದಾಮು, ಎಲ್ಲಕ್ಕೂ ಸೂರು ತಗಡಿನ ಶೀಟು. ಆದರೂ ಸೋಮವಾರಪೇಟೆಯಿಂದ ಗೋಣಿಕೊಪ್ಪದವರೆಗೆ ತಂಡಗಳು ಮಾಡುವುದು ಒಂದೇ ಕ್ರಮ: ಒಂದು ತುದಿಗೆ ನಾಲ್ಕಡಿ ಎತ್ತರದ ವೇದಿಕೆ, ಮುಂದೆ ಎರಡು ಸ್ಟ್ಯಾಂಡ್ ಮೈಕ್, ಅದರ ಹತ್ತಿರ ಬಂದು ಮಾತು ಒಪ್ಪಿಸಿ ಹಿಂದೆ ಸರಿಯುವ ನಟರು. ಮಡಿಕೇರಿ ದಸರಾ ಮಂಟಪಗಳನ್ನು ನೋಡಿ ಬೆಳೆದ ಕಣ್ಣಿಗೆ ಇದು ಸಹಜ. ಮಂಟಪದಲ್ಲಿ ಮಾತು ಮೊದಲೇ ರೆಕಾರ್ಡ್ ಆಗಿರುತ್ತದೆ, ಮೂರ್ತಿಗಳ ಕೈ ಕತ್ತು ಯಂತ್ರದಿಂದ ಆಡುತ್ತವೆ, ಕಿಕ್ಕಿರಿದ ಜನ ದೂರದಿಂದ ಕತ್ತೆತ್ತಿ ನೋಡುತ್ತಾರೆ. ಆ ದೂರಕ್ಕೆ ಆ ಅಳತೆ ಸರಿಯಾದದ್ದು, ಅದರ ಭವ್ಯತೆಯೇ ಅದು. ಆದರೆ ಎಂಬತ್ತು ಜನ ಕೂರುವ ಹಾಲಿನಲ್ಲಿ ಅದೇ ಅಳತೆ ನಟನನ್ನು ಮೂರ್ತಿ ಮಾಡಿಬಿಡುತ್ತದೆ.

ವೃತ್ತದ ಕ್ರಮವನ್ನು 30 ಅಡಿ ಅಗಲ 40 ಅಡಿ ಉದ್ದದ ಹಾಲಿಗೆ ಹೊಂದಿಸಿದರೆ ಲೆಕ್ಕ ಹೀಗೆ ಬರುತ್ತದೆ. ಹಾಲಿನ ನಡುಮಧ್ಯೆ ಮೊಳೆ, ಅದಕ್ಕೆ 8 ಅಡಿ ದಾರ, ಸೀಮೆಸುಣ್ಣದಲ್ಲಿ ಸುತ್ತು: 16 ಅಡಿ ವ್ಯಾಸದ ಆಟದ ಜಾಗ. ಅದರ ಹೊರಗೆ 2 ಅಡಿ ಪಟ್ಟಿ ನಟರ ಪೆಟ್ಟಿಗೆಗಳಿಗೆ. ಅಲ್ಲಿಗೆ 20 ಅಡಿ ಹೋಯಿತು. ಅಗಲದ ಕಡೆ ಎರಡೂ ಬದಿ 5 ಅಡಿ ಉಳಿಯುತ್ತದೆ, ಎರಡೂವರೆ ಅಡಿಗೊಂದರಂತೆ ಬೆಂಚಿನ ಎರಡು ಸಾಲು ಹಿಡಿಯುತ್ತದೆ. ಒಬ್ಬರಿಗೆ ಒಂದೂವರೆ ಅಡಿ ಎಂದು ಹಿಡಿದು, ಎದುರುಬದುರು ತಲಾ 4 ಅಡಿಯ ಎರಡು ದಾರಿ ಬಿಟ್ಟರೆ ಮೊದಲ ಸುತ್ತಿನಲ್ಲಿ ಸುಮಾರು 40, ಎರಡನೆಯದರಲ್ಲಿ 50, ಒಟ್ಟು 90 ಜನ. ಉದ್ದದ ಕಡೆ ಇನ್ನೂ ಜಾಗ ಉಳಿದಿದೆ ಎಂದು ಮೂರನೆಯ, ನಾಲ್ಕನೆಯ ಸಾಲು ತುಂಬುವ ಆಸೆ ಬರುತ್ತದೆ, ಬೇಡ. ಆ ಜಾಗ ವೇಷ ಬದಲಿಸುವುದಕ್ಕೆ, ಬೆಳಕಿನ ಬೋರ್ಡಿಗೆ ಬೇಕು. ಹೆಚ್ಚು ಜನ ಬರುವಂತಿದ್ದರೆ ಎರಡು ದಿನ ಆಡಿ. ಎರಡನೆಯ ಸಾಲನ್ನು ಒಂದಡಿ ಎತ್ತರಿಸಲೇಬೇಕು. ಇಲ್ಲವಾದರೆ ನಟ ಮಂಡಿಯೂರಿದ ಕ್ಷಣ ಹಿಂದಿನವರಿಗೆ ಏನೂ ಕಾಣುವುದಿಲ್ಲ, ಅವರು ಎದ್ದು ನಿಲ್ಲುತ್ತಾರೆ, ದೃಶ್ಯ ಅಲ್ಲಿಗೆ ಮುಗಿಯಿತು.

ಸುತ್ತಲೂ ಪ್ರೇಕ್ಷಕರಿದ್ದಾಗ ಬರುವ ಮುಖ್ಯ ತೊಡಕು ಬೆನ್ನು. ಒಬ್ಬ ನಟ ಒಂದೇ ದಿಕ್ಕಿಗೆ ನಿಂತು ಹತ್ತು ಸಾಲು ಹೇಳಿದರೆ ಅರ್ಧ ಹಾಲಿಗೆ ಅವನ ಬೆನ್ನು ಮಾತ್ರ ಸಿಗುತ್ತದೆ. ಇಬ್ಬರು ಎದುರಾಬದುರಾ ನಿಂತಾಗ ಇಬ್ಬರೂ ವೃತ್ತದ ಅಂಚಿಗೆ ಸರಿದು ನಡುವೆ 10–12 ಅಡಿ ಬಿಟ್ಟರೆ ಯಾವ ಮೂಲೆಯಿಂದಲೂ ಒಬ್ಬರ ಮುಖವಾದರೂ ಕಾಣುತ್ತದೆ. ಮಧ್ಯಬಿಂದುವನ್ನು ಯಾರೂ ಸುಮ್ಮನೆ ಆಕ್ರಮಿಸಬಾರದು. ಅದು ಪಟ್ಟಾಭಿಷೇಕಕ್ಕೆ, ಸಾವಿಗೆ, ಸ್ವಗತಕ್ಕೆ ಮೀಸಲು. ತಿರುಗುವುದಕ್ಕೂ ಕಾರಣ ಬೇಕು, ಸುಮ್ಮನೆ ಗಿರಕಿ ಹೊಡೆದರೆ ನೋಡುವವರಿಗೆ ತಲೆ ಸುತ್ತುತ್ತದೆ. ಮಾತಿನಲ್ಲಿ ವಿಚಾರ ಹೊರಳುವ ಜಾಗದಲ್ಲೇ ಮೈ ಹೊರಳಬೇಕು. ಸುಮ್ಮನೆ ಕೂತಿರುವ ನಟರ ಪಾಡು ಇನ್ನೂ ಕಷ್ಟ. ಅವರು ಪಾತ್ರವಾಗಿ ಪ್ರತಿಕ್ರಿಯೆ ಕೊಡುವಂತಿಲ್ಲ, ಪ್ರೇಕ್ಷಕರಂತೆ ಕಾಲು ಅಲ್ಲಾಡಿಸುವಂತಿಲ್ಲ. ಮಾತಾಡುತ್ತಿರುವವರನ್ನು ಕಣ್ಣಲ್ಲಿ ಹಿಂಬಾಲಿಸುವುದು ಒಂದೇ ಅವರ ಕೆಲಸ. ಪ್ರೇಕ್ಷಕರ ಗಮನ ಅವರ ಕಣ್ಣಿನ ದಾರಿಯಲ್ಲೇ ಹೋಗುತ್ತದೆ.

ಮಳೆಯ ಮಾತು ಇಲ್ಲಿ ಬಿಡುವಂತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀಟಿನ ಕೆಳಗೆ ನಾಟಕ ಇಟ್ಟುಕೊಳ್ಳುವುದು ನಟರಿಗೆ ಮಾಡುವ ಅನ್ಯಾಯ. ಜಡಿಮಳೆ ಶೀಟಿಗೆ ಬಿದ್ದಾಗ ಮೊದಲು ಮುಳುಗುವುದು ವ್ಯಂಜನಗಳು: ಸ, ಶ, ತ, ಕ. ಸ್ವರಗಳು ಉಳಿಯುತ್ತವೆ, ಹಾಗಾಗಿ ಯಾರೋ ಕೂಗುತ್ತಿದ್ದಾರೆ ಎಂದು ತಿಳಿಯುತ್ತದೆ, ಏನೆಂದು ತಿಳಿಯುವುದಿಲ್ಲ. ನಟ ಇನ್ನೂ ಗಟ್ಟಿಯಾಗಿ ಕೂಗುತ್ತಾನೆ, ಆಗಲೂ ದೊಡ್ಡದಾಗುವುದು ಸ್ವರವೇ; ಎರಡನೆಯ ಅಂಕಕ್ಕೆ ಗಂಟಲು ಕಟ್ಟುತ್ತದೆ. ಹಾಡು ಹೀಗಲ್ಲ. ಸ್ವರವನ್ನು ಎಳೆದು ಹಾಡುವುದರಿಂದ ಅದು ದೂರಕ್ಕೂ ಮುಟ್ಟುತ್ತದೆ. ಕೊಡವ ನಾಟಕಗಳನ್ನು ಬರೆದ ಅಪ್ಪಚ್ಚಕವಿಯ ಕಾಲದಿಂದ ನಮ್ಮ ನೆಲದ ನಾಟಕಗಳು ಹಾಡನ್ನೇ ನೆಚ್ಚಿಕೊಂಡದ್ದಕ್ಕೆ ಇದೂ ಒಂದು ಬಲವೇ. ಗದ್ಯ ಸಂಭಾಷಣೆಗೆ ಆ ಅನುಕೂಲವಿಲ್ಲ. ಅಕಾಲದ ಮಳೆ ಬಂದರೆ ಸ್ಪರ್ಧೆಗೆ ಇಳಿಯಬೇಡಿ. ಎಲ್ಲಿ ನಿಲ್ಲಿಸಬಹುದು ಎಂದು ತಾಲೀಮಿನಲ್ಲೇ ನಾಲ್ಕೈದು ಜಾಗ ಗುರುತು ಮಾಡಿಟ್ಟುಕೊಳ್ಳಿ, ಆ ಜಾಗದಲ್ಲಿ ಎಲ್ಲರೂ ಇದ್ದಲ್ಲೇ ನಿಂತು ಕಾಯಿರಿ, ಮಳೆ ಇಳಿದ ಮೇಲೆ ಅದೇ ಸಾಲಿನಿಂದ ಮುಂದುವರಿಯಿರಿ. ಪ್ರೇಕ್ಷಕರಿಗೆ ಮಳೆ ಹೊಸತಲ್ಲ, ಕಾಯುತ್ತಾರೆ.

ಮಳೆಯಿಲ್ಲದ ತಿಂಗಳಲ್ಲಿ ಶತ್ರು ಪ್ರತಿಧ್ವನಿ. ಸಿಮೆಂಟ್ ಗೋಡೆ, ಸಿಮೆಂಟ್ ನೆಲ, ಮೇಲೆ ತಗಡು. ಒಂದು ಮಾತು ಮುಗಿಯುವ ಮುಂಚೆ ಅದರ ಹಿಂದಿನ ಮಾತು ವಾಪಸ್ ಬರುತ್ತದೆ. ಇದಕ್ಕೆ ನಮ್ಮಲ್ಲೇ ಮದ್ದಿದೆ: ಖಾಲಿ ಗೋಣಿಚೀಲ. ಎರಡು ಪದರ ಹೊಲಿದು, ಗೋಡೆಗೆ ಅಂಟಿಸದೆ ನಾಲ್ಕು ಬೆರಳು ಅಂತರ ಬಿಟ್ಟು, ಆಳೆತ್ತರದಿಂದ ಮೇಲಕ್ಕೆ ಎದುರುಬದುರಿನ ಎರಡು ಗೋಡೆಗಳಿಗೆ ತೂಗುಹಾಕಿ. ಗೋಡೆಗೆ ಅಂಟಿದ್ದರೆ ಪರಿಣಾಮ ಬಹಳ ಕಡಿಮೆ. ಗೋಣಿಗೆ ಬೇಗ ಬೆಂಕಿ ಹಿಡಿಯುತ್ತದೆ, ಆದ್ದರಿಂದ ಹ್ಯಾಲೊಜನ್ ಲೈಟಿನಿಂದಲೂ ಲೇಡಿ ಮ್ಯಾಕ್‌ಬೆತ್‌ಳ ದೀಪದಿಂದಲೂ ದೂರ ಇರಲಿ. ಬಾಗಿಲ ಬಳಿ ಎರಡು ಬಕೆಟ್ ಮರಳು, ಒಂದು ಬೆಂಕಿ ಆರಿಸುವ ಸಿಲಿಂಡರ್ ಇರಲೇಬೇಕು.

ಈ ಮ್ಯಾಕ್‌ಬೆತ್ ಶೆಡ್ಡಿನಿಂದ ಮುಖ್ಯ ರಂಗಮಂದಿರಕ್ಕೂ ಅಲ್ಲಿಂದ ಲಂಡನ್ನಿಗೂ ಹೋಯಿತು. ಕೊನೆಗೆ ಥೇಮ್ಸ್ ಟೆಲಿವಿಷನ್ ಅದನ್ನು ಚಿತ್ರೀಕರಿಸಿತು, 1979ರಲ್ಲಿ ಪ್ರಸಾರವಾಯಿತು. ಕಪ್ಪು ಹಿನ್ನೆಲೆ, ಮುಖಗಳು, ಅಷ್ಟೇ. ಹತ್ತಿರದಲ್ಲಿ ಆಡಿ ಹದವಾದ ನಟನೆ ಕ್ಯಾಮೆರಾಕ್ಕೆ ಹೆಚ್ಚೇನೂ ತಿದ್ದದೆ ಒಪ್ಪಿಕೊಂಡಿತು. ಹತ್ತಿರದ ರಂಗವೇ ಕ್ಯಾಮೆರಾಕ್ಕೆ ನಟನನ್ನು ತಯಾರು ಮಾಡುತ್ತದೆ ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಆ ಶೆಡ್ಡಿಗೆ ತಲುಪುವ ಮೊದಲು ಮೆಕೆಲೆನ್ ಹದಿನೈದು ವರ್ಷ ದುಡಿದಿದ್ದರು. ಹುಟ್ಟಿದ್ದು 1939ರ ಮೇ 25, ಉತ್ತರ ಇಂಗ್ಲೆಂಡಿನ ಬರ್ನ್ಲಿಯಲ್ಲಿ. ಬೆಳೆದದ್ದು ವಿಗನ್, ಬೋಲ್ಟನ್ ಊರುಗಳಲ್ಲಿ. ಯಾವ ನಟನಾ ಶಾಲೆಗೂ ಹೋದವರಲ್ಲ. ಕೇಂಬ್ರಿಜ್‌ನಲ್ಲಿ ಓದುತ್ತ ವಿದ್ಯಾರ್ಥಿ ನಾಟಕಗಳಲ್ಲಿ ಆಡಿ, 1961ರಲ್ಲಿ ಕವೆಂಟ್ರಿಯ ಬೆಲ್‌ಗ್ರೇಡ್ ಥಿಯೇಟರಿನಲ್ಲಿ ವೃತ್ತಿಗೆ ಇಳಿದರು. ಆಮೇಲೆ ಇಪ್ಸ್‌ವಿಚ್, ನಾಟಿಂಗ್‌ಹ್ಯಾಮ್. ಇವೆಲ್ಲ ಪ್ರಾಂತೀಯ ರೆಪರ್ಟರಿಗಳು. ಕೆಲವೇ ವಾರಕ್ಕೊಂದು ಹೊಸ ನಾಟಕ, ರಾತ್ರಿ ಒಂದು ಪಾತ್ರ ಆಡುತ್ತ ಹಗಲು ಮುಂದಿನದರ ತಾಲೀಮು. 1968–69ರಲ್ಲಿ ಪ್ರಾಸ್ಪೆಕ್ಟ್ ಎಂಬ ಸಂಚಾರಿ ಕಂಪನಿಯಲ್ಲಿ ಎರಡನೆಯ ರಿಚರ್ಡ್, ಎರಡನೆಯ ಎಡ್ವರ್ಡ್ ಎಂಬ ಎರಡು ದೊರೆಗಳ ಪಾತ್ರ ಆಡಿದ ಮೇಲೆ ಹೆಸರು ದೇಶವೆಲ್ಲ ಹರಡಿತು. ಆಗ ಸಿನಿಮಾದ ಹಿಂದೆ ಹೋಗಬಹುದಿತ್ತು. ಅದನ್ನು ಬಿಟ್ಟು 1972ರಲ್ಲಿ ಎಡ್ವರ್ಡ್ ಪೆಥರ್‌ಬ್ರಿಜ್ ಜೊತೆ ‘ಆ್ಯಕ್ಟರ್ಸ್ ಕಂಪನಿ’ ಕಟ್ಟಿದರು. ಅಲ್ಲಿ ಎಲ್ಲರಿಗೂ ಒಂದೇ ಸಂಬಳ. ಇಂದು ನಾಯಕ ಆದವನು ನಾಳೆ ಆಳಿನ ಪಾತ್ರಕ್ಕೆ. ನಮ್ಮ ತಂಡಗಳು ಒಡೆಯುವುದು ಬಹುಪಾಲು ಪಾತ್ರ ಹಂಚಿಕೆಯ ಜಗಳದಲ್ಲೇ. ವರ್ಷಕ್ಕೆ ಎರಡು ನಾಟಕ ಮಾಡುವ ತಂಡ ಮೊದಲ ಸಭೆಯಲ್ಲೇ ಎರಡೂ ನಾಟಕದ ಪಾತ್ರಪಟ್ಟಿ ಒಟ್ಟಿಗೆ ಬರೆದು, ಒಂದರಲ್ಲಿ ದೊಡ್ಡ ಪಾತ್ರ ಸಿಕ್ಕವರಿಗೆ ಇನ್ನೊಂದರಲ್ಲಿ ಸಣ್ಣದು ಎಂದು ಬರೆದಿಟ್ಟುಕೊಂಡರೆ ಈ ಜಗಳದ ಬೇರೇ ಕಿತ್ತುಹೋಗುತ್ತದೆ.

ಮಾತಿನ ವಿಷಯಕ್ಕೆ ಬರೋಣ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ಹೆಂಡತಿ ಸತ್ತ ಸುದ್ದಿ ಕೇಳಿ ಮ್ಯಾಕ್‌ಬೆತ್ ಆಡುವ ಸ್ವಗತವನ್ನು ಮೆಕೆಲೆನ್ ಪದಪದವಾಗಿ ಬಿಡಿಸಿ ತೋರಿಸುವ ಒಂದು ಟೆಲಿವಿಷನ್ ಪಾಠ ಇದೆ, 1979ರದ್ದು. ಇಂದಿಗೂ ನೋಡಲು ಸಿಗುತ್ತದೆ. ನಾಳೆ, ನಾಳೆ, ನಾಳೆ ಎಂದು ಮೂರು ಸಲ ಬರುವ ಮಾತನ್ನು ಮೂರು ಸಲವೂ ಒಂದೇ ತೂಕದಲ್ಲಿ ಹೇಳಿದರೆ ಅದು ಬರೀ ಲಯ. ಮೂರೂ ಮೂರು ಹೆಜ್ಜೆಯಾಗಿ ಕೇಳಬೇಕು. ಇಂಗ್ಲಿಷ್ ಮೂಲದಲ್ಲಿ ಸಾಲಿಗೆ ಹತ್ತು ಅಕ್ಷರದ ನಡಿಗೆ. ಸ್ವಗತದ ಕೊನೆಯ ಸಾಲು ಮಾತ್ರ ಆರಕ್ಕೇ ನಿಂತುಬಿಡುತ್ತದೆ. ಉಳಿದ ನಾಲ್ಕು ಅಕ್ಷರದ ಕಾಲ ಮೌನ. ಬರೆದವನು ನಟನಿಗೆ ಕೊಟ್ಟ ಸೂಚನೆ ಅದು. ಅಲ್ಲಿ ನಟ ನಿಲ್ಲಬೇಕು, ದೂತ ಓಡಿ ಬರಬೇಕು.

ಕನ್ನಡದಲ್ಲಿ ಆಡುವಾಗ ಇದನ್ನು ಹೇಗೆ ಉಳಿಸಿಕೊಳ್ಳುವುದು? ಸರಳ ರಗಳೆಯ ಅನುವಾದವಾದರೆ ಸಾಲಿಗೆ ಐದು ಮಾತ್ರೆಯ ನಾಲ್ಕು ಗಣ. ಮೊದಲ ವಾರ ಅಭಿನಯ ಬೇಡ. ಕೂತು ಗಣಕ್ಕೊಂದು ತಟ್ಟು ತೊಡೆಗೆ ಹಾಕುತ್ತ ಓದಿ. ಎಲ್ಲಿ ಗಣ ಮುರಿದಿದೆಯೋ, ಎಲ್ಲಿ ವಾಕ್ಯ ಸಾಲಿನ ನಡುವೆ ಮುಗಿದಿದೆಯೋ ಅಲ್ಲಿ ಪೆನ್ಸಿಲ್ ಗುರುತು. ಎರಡನೆಯ ವಾರ ತಟ್ಟು ಬಿಟ್ಟು ಅರ್ಥ ಹಿಡಿದು ಓದಿ, ಒಂದು ವಾಕ್ಯಕ್ಕೆ ಒಂದು ಉಸಿರು. ವಾಕ್ಯ ಉದ್ದವಾಗಿದ್ದರೆ ಉಸಿರನ್ನು ಎಲ್ಲಿ ಕದಿಯಬಹುದು ಎಂಬುದನ್ನೂ ಬರೆದಿಡಬೇಕು. ಪ್ರದರ್ಶನದ ದಿನ ಹೊಳೆಯುತ್ತದೆ ಎಂದು ಬಿಟ್ಟರೆ ಹೊಳೆಯುವುದಿಲ್ಲ. ಮೂರನೆಯ ವಾರದಿಂದ ಎದ್ದು ನಡೆದಾಡಬಹುದು.

ಇಲ್ಲಿ ಪದೇ ಪದೇ ಕೆಡುವ ಜಾಗ ಒಂದೇ: ವಾಕ್ಯದ ಬಾಲ. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ‘ಕೊಂದೆ’ಯೋ ‘ಕೊಲ್ಲಲಿಲ್ಲ’ವೋ ತಿಳಿಯುವುದೇ ಅಲ್ಲಿ. ಅದೇ ಹೊತ್ತಿಗೆ ನಟನ ಉಸಿರೂ ಮುಗಿದಿರುತ್ತದೆ. ಮೊದಲ ಪದಗಳು ಗುಡುಗಿ, ಕೊನೆಯ ಪದ ಗಂಟಲಲ್ಲೇ ಉಳಿಯುತ್ತದೆ. ಪ್ರೇಕ್ಷಕನಿಗೆ ಯಾರು, ಯಾರನ್ನು, ಎಲ್ಲಿ ಎಂಬುದೆಲ್ಲ ಕೇಳಿಸಿ, ಏನು ಮಾಡಿದ ಎಂಬುದು ಮಾತ್ರ ಕೇಳಿಸುವುದಿಲ್ಲ. ತಿದ್ದುವ ಉಪಾಯ: ಸ್ವಗತವನ್ನು ಹಿಂದಿನಿಂದ ಕಲಿಸಿ. ಮೊದಲು ಬರೀ ಕ್ರಿಯಾಪದಗಳ ಪಟ್ಟಿ ಓದಿಸಿ. ಆಮೇಲೆ ಪ್ರತಿ ವಾಕ್ಯದ ಕೊನೆಯ ಎರಡು ಪದ. ಆಮೇಲೆ ಪೂರ್ತಿ ವಾಕ್ಯ. ನಟನ ಬಾಯಿಗೆ ವಾಕ್ಯ ಹೋಗಿ ಮುಟ್ಟಬೇಕಾದ ಜಾಗ ಮೊದಲೇ ಗೊತ್ತಿದ್ದರೆ ಉಸಿರನ್ನು ಅದಕ್ಕೆ ಉಳಿಸಿಕೊಳ್ಳುತ್ತಾನೆ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಆಡುವ ನಟರು ನಮ್ಮ ತಂಡಗಳಲ್ಲಿ ತುಂಬಾ ಇದ್ದಾರೆ. ಅವರ ಕನ್ನಡದ ರಾಗವನ್ನು ತಿದ್ದಿ ಬೆಂಗಳೂರಿನ ಕನ್ನಡ ಮಾಡಲು ಹೋಗುವ ನಿರ್ದೇಶಕರನ್ನು ನಾನು ಒಪ್ಪುವುದಿಲ್ಲ. ಕ್ರಿಯಾಪದ ಕೇಳಿಸಿದರೆ ಸಾಕು, ರಾಗ ಅವರದೇ ಇರಲಿ.

1978ರಲ್ಲಿ ಮೆಕೆಲೆನ್ ಮಾಡಿದ ಇನ್ನೊಂದು ಕೆಲಸವನ್ನು ನಮ್ಮಲ್ಲಿ ಯಾರೂ ನೆನೆಯುವುದಿಲ್ಲ. ರಾಯಲ್ ಶೇಕ್ಸ್‌ಪಿಯರ್ ಕಂಪನಿಯ ಸಣ್ಣ ತಂಡವೊಂದರ ಮುಂದಾಳಾಗಿ, ಒಳ್ಳೆಯ ರಂಗಮಂದಿರವಿಲ್ಲದ ಊರುಗಳಿಗೆ ಹೋಗಿ ಶಾಲೆ, ಆಟದ ಹಾಲುಗಳಲ್ಲಿ ಆಡಿದರು. ಎರಡು ವರ್ಷದ ಕೆಳಗೆ ಮ್ಯಾಕ್‌ಬೆತ್ ಆಗಿ ಹೊಗಳಿಸಿಕೊಂಡವರು ಇಲ್ಲಿ ‘ಟ್ವೆಲ್ಫ್ತ್ ನೈಟ್’ ನಾಟಕದ ಕುಡುಕ ಸರ್ ಟೋಬಿ. ಹೀಗೆ ಊರೂರಿಗೆ ನಾಟಕ ಒಯ್ಯುವ ಆಸೆ ನಾಪೋಕ್ಲು, ಸಿದ್ದಾಪುರ, ಸುಂಟಿಕೊಪ್ಪದ ತಂಡಗಳಿಗೂ ಇದೆ. ನಿಯಮ ಒಂದೇ: ಒಂದು ಪಿಕ್‌ಅಪ್ ವಾಹನಕ್ಕೆ ಹಿಡಿಯದ ಸಾಮಾನು ನಾಟಕದಲ್ಲಿ ಇರಬಾರದು. ಆರು ಪೆಟ್ಟಿಗೆ, ನಾಲ್ಕು ಎಲ್‌ಇಡಿ ಪಾರ್ ಲೈಟ್, ಎರಡು ಸ್ಟ್ಯಾಂಡ್, ಬೆಳಕು ನಿಯಂತ್ರಿಸುವ ಒಂದು ಸಣ್ಣ ಬೋರ್ಡ್, ವೇಷಗಳ ಎರಡು ಟ್ರಂಕ್. ಹೋದ ಊರಿನ ಹಾಲಿನಲ್ಲಿ ಪ್ಲಗ್ಗಿನ ಅರ್ಥ್ ಸರಿಯಿದೆಯೇ ಎಂದು ಪರೀಕ್ಷಿಸದೆ ಬೋರ್ಡ್ ಚುಚ್ಚಬೇಡಿ. ಒದ್ದೆ ನೆಲದಲ್ಲಿ ಬರಿಗಾಲಿನ ನಟರಿರುತ್ತಾರೆ. ಹೊಸ ಹಾಲಿಗೆ ಹೋದ ಕೂಡಲೇ ಇಬ್ಬರು ನಟರು ಎರಡು ತುದಿಯಲ್ಲಿ ನಿಂತು, ಮೈಕಿಲ್ಲದೆ, ನಾಟಕದ ಅತಿ ಮೆಲ್ಲನೆಯ ದೃಶ್ಯವನ್ನು ಒಮ್ಮೆ ಹೇಳಿ ನೋಡಬೇಕು. ಹಾಲ್ ತುಂಬಿದಾಗ ಜನರ ಮೈಬಟ್ಟೆಗಳು ಸದ್ದನ್ನು ಹೀರುತ್ತವೆ, ಹಾಗಾಗಿ ಖಾಲಿ ಹಾಲಿನಲ್ಲಿ ಸಾಕು ಅನ್ನಿಸಿದ್ದಕ್ಕಿಂತ ಸ್ವಲ್ಪ ಮೇಲೆ ಇಟ್ಟುಕೊಳ್ಳಿ.

1980ರ ದಶಕವನ್ನು ಬೇಗ ದಾಟುತ್ತೇನೆ. ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ‘ಅಮಡೇಯಸ್’ ನಾಟಕದ ಸಾಲಿಯೇರಿ ಪಾತ್ರಕ್ಕೆ 1981ರಲ್ಲಿ ಟೋನಿ ಪ್ರಶಸ್ತಿ ಬಂತು. ‘ಆ್ಯಕ್ಟಿಂಗ್ ಶೇಕ್ಸ್‌ಪಿಯರ್’ ಎಂಬ ಏಕವ್ಯಕ್ತಿ ಪ್ರಯೋಗವನ್ನು ದೇಶದೇಶಕ್ಕೆ ಒಯ್ದರು. 1988ರಲ್ಲಿ ಬಿಬಿಸಿ ರೇಡಿಯೊ ಚರ್ಚೆಯೊಂದರಲ್ಲಿ ತಾವು ಸಲಿಂಗಿ ಎಂದು ಬಹಿರಂಗವಾಗಿ ಹೇಳಿದರು. ಸಲಿಂಗಿಗಳ ವಿರುದ್ಧ ಸರ್ಕಾರ ತರುತ್ತಿದ್ದ ಕಾನೂನನ್ನು ವಿರೋಧಿಸುತ್ತ ಆಡಿದ ಮಾತು ಅದು. ಆಮೇಲಿನ ಅವರ ನಟನೆಯಲ್ಲಿ ಮುಚ್ಚುಮರೆ ಕಡಿಮೆಯಾಗಿ ಭಾವ ಸಲೀಸಾಯಿತು ಎಂದು ನೋಡಿದವರೂ ಹೇಳುತ್ತಾರೆ, ಅವರೂ ಹೇಳಿದ್ದಾರೆ. 1989ರಲ್ಲಿ ಮತ್ತೆ ಅದೇ ತಗಡಿನ ಶೆಡ್ಡಿಗೆ ಬಂದು ‘ಒಥೆಲೊ’ದ ಇಯಾಗೊ ಆದರು. ಹಳೆಯ ಶೆಡ್ಡಿನಲ್ಲಿ ಆಡಿದ ಕಡೆಯ ನಾಟಕ ಅದು. 1991ರಲ್ಲಿ ಸರ್ ಪದವಿ.

ರಂಗದಿಂದ ತೆರೆಗೆ ಒಂದು ಪಾತ್ರ ಹೇಗೆ ದಾಟಬೇಕು ಎಂಬುದಕ್ಕೆ ಮೂರನೆಯ ರಿಚರ್ಡ್ ಪಾಠಪುಸ್ತಕ. 1990ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ರಿಚರ್ಡ್ ಐರ್ ನಿರ್ದೇಶನ, ಕಥೆಯನ್ನು 1930ರ ದಶಕದ ಇಂಗ್ಲೆಂಡಿಗೆ ತಂದು ಸರ್ವಾಧಿಕಾರಿಯೊಬ್ಬನ ಉದಯವಾಗಿ ತೋರಿಸಿದ ಪ್ರಯೋಗ. 1995ರ ಸಿನಿಮಾಕ್ಕೆ ಮೆಕೆಲೆನ್ ತಾವೇ ನಿರ್ದೇಶಕ ರಿಚರ್ಡ್ ಲಾಂಕ್ರೇನ್ ಜೊತೆ ಕೂತು ಚಿತ್ರಕಥೆ ಬರೆದರು. ಶೇಕ್ಸ್‌ಪಿಯರನ ಅತಿ ಉದ್ದದ ನಾಟಕಗಳಲ್ಲೊಂದು ಅಲ್ಲಿ ಎರಡು ಗಂಟೆಗಿಂತ ಕಡಿಮೆಗೆ ಇಳಿದಿದೆ. ಆರಂಭದ ಪ್ರಸಿದ್ಧ ಸ್ವಗತವನ್ನು ಗಮನಿಸಿ. ರಂಗದ ಮೇಲೆ ರಿಚರ್ಡ್ ಒಬ್ಬನೇ ನಿಂತು ಪೂರ್ತಿ ಹೇಳುತ್ತಾನೆ. ಸಿನಿಮಾದಲ್ಲಿ ಅದನ್ನು ಎರಡಾಗಿ ಸೀಳಿದ್ದಾರೆ. ಮೊದಲರ್ಧ ಅರಮನೆಯ ಔತಣಕೂಟದಲ್ಲಿ ಮೈಕ್ ಹಿಡಿದು ಎಲ್ಲರೂ ಚಪ್ಪಾಳೆ ತಟ್ಟುವ ಭಾಷಣ. ಮಾತಿನ ನಡುವೆಯೇ ದೃಶ್ಯ ಕತ್ತರಿಸಿ ಶೌಚಾಲಯಕ್ಕೆ ಹೋಗುತ್ತದೆ. ಉಳಿದರ್ಧ ಅಲ್ಲಿ, ತನಗೆ ತಾನೇ ಗೊಣಗಿಕೊಳ್ಳುವ ವಿಷ. ಕನ್ನಡಿಯಲ್ಲಿ ನಮ್ಮನ್ನು ಕಂಡು, ತಿರುಗಿ ಲೆನ್ಸಿನೊಳಗೆ ನೇರ ನೋಡಿ ಮಾತಾಡುತ್ತಾನೆ. ಆ ಕ್ಷಣದಿಂದ ನೋಡುವವನೂ ಅವನ ಪಾಪದಲ್ಲಿ ಪಾಲುದಾರ. ಎಂಟುನೂರು ಜನರಿಗೆ ಹೇಳುವ ಮಾತು ಮತ್ತು ಒಬ್ಬನ ಕಿವಿಯಲ್ಲಿ ಹೇಳುವ ಮಾತು, ಎರಡೂ ಅದೇ ಪದ್ಯದೊಳಗೆ ಮೊದಲಿಂದ ಇದ್ದವು. ಕ್ಯಾಮೆರಾ ಬಂದದ್ದರಿಂದ ಅವನ್ನು ಬೇರೆಬೇರೆ ಅಂತರದಲ್ಲಿ ಇಡಲು ಸಾಧ್ಯವಾಯಿತು. ಈ ಚಿತ್ರಕಥೆ ಪುಸ್ತಕವಾಗಿಯೂ ಬಂದಿದೆ, ಬದಲಾವಣೆಗಳಿಗೆ ಕಾರಣಗಳನ್ನು ಮೆಕೆಲೆನ್ ಅದರಲ್ಲಿ ಬರೆದಿದ್ದಾರೆ. ನಾಟಕವನ್ನು ಕಿರುಚಿತ್ರ ಮಾಡುವ ಉತ್ಸಾಹದಲ್ಲಿರುವ ನಮ್ಮ ಹುಡುಗ ಹುಡುಗಿಯರು ಮೊದಲು ಓದಬೇಕಾದದ್ದು ಅದು.

ಆ ಪಾತ್ರದ ದೇಹವನ್ನೂ ನೋಡಿ. ರಿಚರ್ಡನ ಎಡಗೈ ನಿಷ್ಪ್ರಯೋಜಕ. ಸಿಗರೇಟು ಹಚ್ಚುವುದು, ಕೈಗವಸು, ಎಲ್ಲ ಒಂದೇ ಕೈಯಲ್ಲಿ. ಮದುವೆಗೆ ಒಲಿಸಿಕೊಳ್ಳುತ್ತಿರುವ ಆ್ಯನ್‌ಳಿಗೆ ತೊಡಿಸುವ ಉಂಗುರವನ್ನು ತನ್ನ ಬೆರಳಿನಿಂದ ಬಾಯಲ್ಲಿ ಕಚ್ಚಿ ತೆಗೆಯುತ್ತಾನೆ. ಅಂಗವಿಕಲನ ಪಾತ್ರ ಎಂದರೆ ಮುಖ ಸೊಟ್ಟ ಮಾಡುವುದು ಎಂದುಕೊಂಡ ನಟರಿಗೆ ಇದನ್ನು ತೋರಿಸಬೇಕು. ಒಂದು ಕೈಯನ್ನು ಸೊಂಟಕ್ಕೆ ಸಡಿಲವಾಗಿ ಕಟ್ಟಿಕೊಂಡು, ದಿನಕ್ಕೆ ಅರ್ಧ ಗಂಟೆ, ಅಂಗಿ ಗುಂಡಿ, ಕೊಡೆ, ಕಾಫಿ ಲೋಟ, ಚಪ್ಪಲಿ ಬಾರು ಎಂದು ಮನೆಗೆಲಸ ಮಾಡಿಸಿ. ಎರಡು ವಾರದಲ್ಲಿ ಹೆಗಲು ತಾನಾಗಿಯೇ ದಾರಿ ಕಂಡುಕೊಳ್ಳುತ್ತದೆ, ನಟಿಸಬೇಕಾಗುವುದಿಲ್ಲ.

ಅಂತರದ ಅಭ್ಯಾಸಕ್ಕೆ ಒಂದು ಫೋನ್ ಸಾಕು. ಎಂಟು ಸಾಲಿನ ಒಂದೇ ಮಾತನ್ನು ಮೂರು ಸಲ ಹೇಳಿಸಿ. ಮೊದಲು ಕಾಫಿ ಕಣದ ಈ ತುದಿಯಿಂದ ಆ ತುದಿಗೆ, ಅರವತ್ತು ಅಡಿಯಲ್ಲಿ ನಿಂತ ಗೆಳೆಯನಿಗೆ. ಆಮೇಲೆ ಆರು ಅಡಿಯಲ್ಲಿ ಕೂತವನಿಗೆ. ಕೊನೆಗೆ ಎದೆಯ ಮಟ್ಟದಿಂದ ಮೇಲೆ ಮಾತ್ರ ಕಾಣುವ ಹಾಗೆ ಸ್ಟ್ಯಾಂಡಿನ ಮೇಲಿಟ್ಟ ಫೋನಿಗೆ. ಮೂರರ ನಡುವೆ ಬಿಡುವು ಬೇಡ. ಉಸಿರು ತೆಗೆದುಕೊಳ್ಳುವ ಜಾಗ ಮೂರರಲ್ಲೂ ಅವೇ ಇರಬೇಕು. ರೆಕಾರ್ಡಿಂಗ್ ನೋಡುವಾಗ ಮೊದಲ ಸಲ ಸದ್ದು ಬಂದ್ ಮಾಡಿ ನೋಡಿ. ಪದಕ್ಕೊಮ್ಮೆ ತಲೆ ಅಲ್ಲಾಡುವುದು, ಒತ್ತುವ ಪದಕ್ಕೆಲ್ಲ ಹುಬ್ಬು ಏರುವುದು, ಯೋಚಿಸುವಂತೆ ತೋರಿಸಲು ಕಣ್ಣು ಮೇಲಕ್ಕೆ ಹೋಗುವುದು, ಈ ಮೂರು ಆಗ ಎದ್ದು ಕಾಣುತ್ತವೆ. ಅರವತ್ತು ಅಡಿಯಲ್ಲಿ ಇವು ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ತಡೆಯಲು ಹೋದರೆ ಮುಖ ಮರಗಟ್ಟುತ್ತದೆ. ಅದಕ್ಕೆ ಬದಲು ಎದುರಿಗೆ ಒಬ್ಬರನ್ನು ಫೋನಿನ ಪಕ್ಕ ಕೂರಿಸಿ ಅವರನ್ನು ಒಪ್ಪಿಸಲು ಮಾತಾಡಿಸಿ. ಗಮನ ಎದುರಿನವರ ಮೇಲೆ ಹೋದಾಗ ಹುಬ್ಬು ತಾನಾಗಿ ಸುಮ್ಮನಾಗುತ್ತದೆ.

ಎದುರಿಗೆ ಒಬ್ಬರು ಬೇಕು ಎಂಬುದು ಎಷ್ಟು ದೊಡ್ಡ ನಟನಿಗೂ ತಪ್ಪಿದ್ದಲ್ಲ. 1998ರ ‘ಗಾಡ್ಸ್ ಆ್ಯಂಡ್ ಮಾನ್‌ಸ್ಟರ್ಸ್’, 2000ದ ‘ಎಕ್ಸ್-ಮೆನ್’ ಆದ ಮೇಲೆ ಬಂದ ‘ಲಾರ್ಡ್ ಆಫ್ ದಿ ರಿಂಗ್ಸ್’ ಮೂರು ಚಿತ್ರಗಳಲ್ಲಿ (2001–2003) ಗ್ಯಾಂಡಾಲ್ಫ್ ಎತ್ತರದ ಮನುಷ್ಯ, ಜೊತೆಗಾರರು ಅವನ ಸೊಂಟದೆತ್ತರದ ಹಾಬಿಟ್‌ಗಳು. ಇದಕ್ಕೆ ಬಳಸಿದ ಹಳೆಯ ತಂತ್ರ ಸೊಗಸಾದದ್ದು: ಮೆಕೆಲೆನ್ ಕ್ಯಾಮೆರಾಕ್ಕೆ ಹತ್ತಿರ, ಹಾಬಿಟ್ ಆದ ನಟ ಹಲವು ಅಡಿ ಹಿಂದೆ, ಗಾಡಿಯ ಸೀಟು, ಮೇಜು ಎಲ್ಲ ಅದಕ್ಕೆ ತಕ್ಕ ಹಾಗೆ ಸೀಳಿ ಕಟ್ಟಿದ್ದು. ಲೆನ್ಸಿಗೆ ಇಬ್ಬರೂ ಪಕ್ಕಪಕ್ಕ ಕೂತಂತೆ ಕಾಣುತ್ತದೆ. ನಟರು ಒಬ್ಬರನ್ನೊಬ್ಬರು ನೋಡುವಂತಿಲ್ಲ, ಗುರುತು ಹಾಕಿದ ಬಿಂದುವನ್ನು ನೋಡಬೇಕು. ಆದರೂ ಇನ್ನೊಬ್ಬನ ದನಿ ಅದೇ ಕೋಣೆಯಲ್ಲಿ ಇರುತ್ತದೆ.

ಹತ್ತು ವರ್ಷದ ನಂತರ ‘ಹಾಬಿಟ್’ ಚಿತ್ರಗಳನ್ನು ತ್ರೀಡಿಯಲ್ಲಿ ತೆಗೆದಾಗ ಈ ತಂತ್ರ ಕೈಕೊಟ್ಟಿತು. ಎರಡು ಕಣ್ಣಿನ ಕ್ಯಾಮೆರಾ ಯಾರು ಹತ್ತಿರ ಯಾರು ದೂರ ಎಂಬುದನ್ನು ಹೇಳಿಬಿಡುತ್ತದೆ, ಮೋಸ ನಡೆಯುವುದಿಲ್ಲ. ಹಾಗಾಗಿ ಕುಳ್ಳರ ಪಾತ್ರದ ಹದಿಮೂರು ನಟರು ಒಂದು ಸೆಟ್ಟಿನಲ್ಲಿ, ಮೆಕೆಲೆನ್ ಹಸಿರು ಬಟ್ಟೆಯ ಇನ್ನೊಂದು ಸೆಟ್ಟಿನಲ್ಲಿ ಒಬ್ಬರೇ. ಎದುರಿಗೆ ಕೋಲಿನ ಮೇಲೆ ಅವರ ಫೋಟೊಗಳು. ಮಾತಾಡುವವನ ಫೋಟೊದ ಬಳಿ ದೀಪ ಹತ್ತುತ್ತದೆ, ದನಿ ಕಿವಿಯೊಳಗಿನ ಯಂತ್ರದಿಂದ. ಎಪ್ಪತ್ತು ದಾಟಿದ ನಟ ಅಲ್ಲಿ ಅತ್ತುಬಿಟ್ಟರು, ಇದಕ್ಕಾಗಿ ನಾನು ನಟನಾದದ್ದಲ್ಲ ಎಂದರು. ಅವರೇ ಬಹಿರಂಗವಾಗಿ ಹೇಳಿಕೊಂಡ ಸಂಗತಿ ಇದು. ಅಂತರವನ್ನು ಅಳೆಯುವ ನಟನಿಗೆ ಅಳೆಯಲು ಆಚೆ ತುದಿಯೇ ಇಲ್ಲದಂತಾಗಿತ್ತು.

ಸಿನಿಮಾದ ಹಣ, ಹೆಸರು ಬಂದ ಮೇಲೂ ಅವರು ಸಣ್ಣ ಜಾಗಗಳನ್ನು ಬಿಡಲಿಲ್ಲ. 2007ರಲ್ಲಿ ದೊಡ್ಡ ಪ್ರಮಾಣದಲ್ಲಿ ಆಡಿದ ಲಿಯರ್ ದೊರೆಯನ್ನು 2017ರಲ್ಲಿ ಚಿಚೆಸ್ಟರಿನ ಮಿನರ್ವಾ ಎಂಬ ಪುಟ್ಟ ರಂಗಮಂದಿರದಲ್ಲಿ ಮತ್ತೆ ಆಡಿದರು. ಎಂಬತ್ತು ತುಂಬಿದ 2019ರಲ್ಲಿ ಎಂಬತ್ತು ರಂಗಮಂದಿರಗಳಿಗೆ ಒಬ್ಬರೇ ಹೋಗಿ ಪ್ರಯೋಗ ಕೊಟ್ಟರು, ಬಂದ ಹಣ ರಂಗಭೂಮಿಯ ಕೆಲಸಗಳಿಗೇ ಹೋಯಿತು. 2021ರಲ್ಲಿ ವಿಂಡ್ಸರಿನಲ್ಲಿ ಹ್ಯಾಮ್ಲೆಟ್, ಎಂಬತ್ತೆರಡರ ವಯಸ್ಸಿನಲ್ಲಿ.

2024ರ ಜೂನ್ 17ರ ಘಟನೆಯನ್ನು ಪ್ರತಿ ತಂಡದ ರಂಗ ವ್ಯವಸ್ಥಾಪಕರೂ ಓದಿಕೊಳ್ಳಬೇಕು. ಲಂಡನ್ನಿನ ನೋಯಲ್ ಕವರ್ಡ್ ಥಿಯೇಟರಿನಲ್ಲಿ ‘ಪ್ಲೇಯರ್ ಕಿಂಗ್ಸ್’, ಮೆಕೆಲೆನ್ ದಡೂತಿ ಫಾಲ್‌ಸ್ಟಾಫ್. ಯುದ್ಧದ ದೃಶ್ಯದಲ್ಲಿ ಕಾಲು ಕುರ್ಚಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ಹೋದಾಗ ರಂಗದ ಮೇಲೆ ಹರಡಿದ್ದ ಪತ್ರಿಕೆಯ ಹಾಳೆಗಳ ಮೇಲೆ ಜಾರಿ, ಅಂಚು ದಾಟಿ ಪ್ರೇಕ್ಷಕರ ಮೇಲೆಯೇ ಬಿದ್ದರು. ಮಣಿಕಟ್ಟಿಗೂ ಬೆನ್ನುಮೂಳೆಗೂ ಪೆಟ್ಟಾಯಿತು. ದಪ್ಪ ಕಾಣಲು ಹಾಕಿದ್ದ ಮೆತ್ತೆಯ ವೇಷ ಇನ್ನೂ ದೊಡ್ಡ ಅನಾಹುತ ತಪ್ಪಿಸಿತು. ಸಡಿಲ ಕಾಗದ, ಕಾಲಿಗೆ ಸಿಗುವ ಕುರ್ಚಿ, ಕತ್ತಲಲ್ಲಿ ಕಾಣದ ಅಂಚು: ಈ ಮೂರೂ ನಮ್ಮ ಪ್ರತಿಯೊಂದು ವೇದಿಕೆಯ ಮೇಲೂ ಇವೆ, ಜೊತೆಗೆ ನಮ್ಮಲ್ಲಿ ಥಂಡಿಗೆ ಬೆವರುವ ಸಿಮೆಂಟ್ ನೆಲ. ಕಾಗದ ಬೇಕೇ ಬೇಕೆಂದರೆ ಬಟ್ಟೆಗೆ ಅಂಟಿಸಿ ಬಟ್ಟೆಯನ್ನು ನೆಲಕ್ಕೆ ಟೇಪ್ ಮಾಡಿ. ಅಂಚಿಗಿಂತ ಒಂದೂವರೆ ಅಡಿ ಒಳಗೆ ಎರಡಿಂಚಿನ ಬಿಳಿ ಪಟ್ಟಿ. ಹೊಡೆದಾಟದ ದೃಶ್ಯವನ್ನು ಪ್ರದರ್ಶನದ ದಿನ, ಪ್ರೇಕ್ಷಕರನ್ನು ಬಿಡುವ ಅರ್ಧ ಗಂಟೆ ಮೊದಲು, ಅದೇ ಚಪ್ಪಲಿ ಅದೇ ವೇಷದಲ್ಲಿ ಅರ್ಧ ವೇಗದಲ್ಲಿ ಒಮ್ಮೆ ಮಾಡಿಸಲೇಬೇಕು.

ಉಳಿದ ಲಂಡನ್ ಪ್ರದರ್ಶನಗಳಿಗೆ ಬದಲಿ ನಟ ಸಿದ್ಧನಿದ್ದುದರಿಂದ ನಾಟಕ ನಿಲ್ಲಲಿಲ್ಲ. ನಮ್ಮಲ್ಲಿ ಮುಖ್ಯ ಪಾತ್ರಧಾರಿಗೆ ಜ್ವರ ಬಂದರೆ ನಾಟಕವೇ ರದ್ದು. ತಂಡದಲ್ಲಿ ಹತ್ತೇ ಜನರಿದ್ದರೂ ದೊಡ್ಡ ಪಾತ್ರಗಳೆರಡಕ್ಕೆ ಬದಲಿ ಬೇಕು. ಬದಲಿಯವರನ್ನು ಸಣ್ಣ ಪಾತ್ರದವರಲ್ಲೇ ಆರಿಸಿ, ಅವರ ಸಣ್ಣ ಪಾತ್ರವನ್ನು ಪ್ರಾಂಪ್ಟರ್ ನಿಭಾಯಿಸುವಂತಿರಲಿ. ವಾರಕ್ಕೊಂದು ತಾಲೀಮನ್ನು ಪೂರ್ತಿ ಬದಲಿಯವರಿಂದಲೇ ಮಾಡಿಸಿ, ಮುಖ್ಯ ನಟರು ಆ ದಿನ ಪ್ರೇಕ್ಷಕರ ಬೆಂಚಿನಲ್ಲಿ ಕೂತು ನೋಡಲಿ.